ನೆಲ ಮುಟ್ಟದ ಸ್ಟೆಪ್ನಿ

ನಂಬಿ ಅಂತ ನಾನು ಯಾರ ಕಾಲಿಗೂ ಬೀಳುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಚಿಕ್ಕಪ್ಪನಿಂದ ಕೊಂಡ ಕಾರಿನ ಸ್ಟೆಪ್ನಿ ಮೊದಲಿನಿಂದಲೂ ಡಿಕ್ಕಿಯಲ್ಲೇ ಮಲಗಿತ್ತು. "ಒಂದು ದಿನವೂ ನೆಲ ಮುಟ್ಟಿಲ್ಲ ಕಣೋ, ಮಡಿಕೆ ಬಿಚ್ಚದ ಅಂಗಿ ಹಾಗಿದೆ. ಬದಲಾಯಿಸೋಕೆ ನಿನಗೇನು ತಲೆ ಕೆಟ್ಟಿದೆಯಾ?" ಎಂದು ಚಿಕ್ಕಪ್ಪ ಗದರಿದ್ದರು. ಹೆಂಡತಿ ಮಾತ್ರ, "ಮಗಳನ್ನ ಕೂರಿಸ್ಕೊಂಡು ಹೋಗೋ ಗಾಡಿ ರೀ, ಒಮ್ಮೆ ತೋರಿಸ್ಕೊಂಡು ಬನ್ನಿ" ಎಂದು ಹಟ ಹಿಡಿದಳು.

ಮರುದಿನ ಬೆಳಗ್ಗೆಯೇ ಪಂಕ್ಚರ್ ಅಂಗಡಿಗೆ ಹೋದೆ. "ಓಡದೇ ಇದ್ರೂ ರಬ್ಬರ್‌ಗೆ ವಯಸ್ಸಾಗುತ್ತೆ ಸಾರ್" ಎನ್ನುತ್ತಾ ಡಿಕ್ಕಿಗೆ ಕೈ ಹಾಕಿದ ಅಂಗಡಿಯವನು ಥಟ್ಟನೆ ಕೈ ಹಿಂತೆಗೆದ. ನಾನೂ ಮುಟ್ಟಿದೆ. ದೂರದ ಊರಿನಿಂದ ಈಗಷ್ಟೇ ಓಡಿ ಬಂದ ಟೈರಿನ ಹಾಗೆ ಬಿಸಿಯಿತ್ತು. ಒಂದು ಅಂಚು ನುಣ್ಣಗೆ ಸವೆದಿತ್ತು. ಸಂದುಗಳಲ್ಲಿ ಹಸಿ ಕೆಂಪು ಮಣ್ಣು ಮೆತ್ತಿತ್ತು. ನಮ್ಮ ಸುತ್ತಮುತ್ತ ಇರುವುದೆಲ್ಲ ಕಪ್ಪು ಮಣ್ಣು.

ಸೋರಿಕೆ ನೋಡಲು ಅವನು ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಗುಳ್ಳೆ ಏಳಲಿಲ್ಲ, ಹಬೆ ಎದ್ದಿತು. ಹಳೇ ಟೈರೆಂದರೆ ಬಾಯಿ ಬಿಡುವ ಆಸಾಮಿ, "ಇದನ್ನ ಮಾತ್ರ ಇಲ್ಲಿ ಬಿಡಬೇಡಿ ಸಾರ್" ಎಂದ. ಗುಜರಿಗೆ ಹಾಕಿ, ಹೊಸದು ಕೊಂಡು ಡಿಕ್ಕಿಯಲ್ಲಿಟ್ಟು ಮನೆಗೆ ಬಂದೆ.

ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಕೂದಲುಗಳಿರುತ್ತವಲ್ಲ, ಮಗಳು ಅವನ್ನು ಸವರಿ, "ಅಪ್ಪಾ, ಟೈರಿಗೆ ಮೀಸೆ!" ಎಂದು ಬಿದ್ದು ಬಿದ್ದು ನಕ್ಕಳು.

ಅಂದಿನಿಂದ ಕಾರು ಶೆಡ್ ಬಿಟ್ಟು ಕದಲಿಲ್ಲ. ಬೀಗದ ಕೈ ನನ್ನ ಜೇಬಿನಲ್ಲೇ ಇದೆ. ಇವತ್ತು ಮಧ್ಯಾಹ್ನ ನಾನೇ ಡಿಕ್ಕಿ ತೆರೆದೆ. ಮಗಳು ಮತ್ತೆ ಸವರಲು ಹೋದಳು.

"ಅಪ್ಪಾ, ಇದರ ಮೀಸೆ ಯಾರು ಬೋಳಿಸಿದ್ರು?"

ಅವಳ ಅಂಗೈಗೆ ಹಸಿ ಕೆಂಪು ಮಣ್ಣು ಮೆತ್ತಿತ್ತು.