ಎರಡನೇ ಸಲ ಕುದಿಸಿದ ಸಲೈನ್

ದೂರುದಾರ ನನ್ನ ಭಾವ ಎಂದು ಸಾಹೇಬರಿಗೆ ಈಗಲೇ ಹೇಳಿಬಿಡಲೇ, ಅವರೇ ಕೇಳುವವರೆಗೆ ಸುಮ್ಮನಿರಲೇ? ಜೀಪಿನ ಹಿಂದಿನ ಸೀಟಿನಲ್ಲಿ ಮಹಿಳಾ ಪೇದೆ ತನ್ನಲ್ಲೇ ಕೇಳಿಕೊಂಡಳು. ಅವಳ ವಾಸ ಅಕ್ಕನ ಮನೆಯಲ್ಲಿ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕುದುರೆಯ ರಕ್ತದಿಂದ ಹಾವಿನ ಕಡಿತಕ್ಕೆ ಔಷಧಿ ತಯಾರಿಸುವ ಕೇಂದ್ರದಲ್ಲಿ ಬೆಳಿಗ್ಗೆ ಮೂರು ಕುದುರೆಗಳು ಸತ್ತಿದ್ದವು. ಲಾಯದವನು ಮೇವಿಗೆ ವಿಷ ಬೆರೆಸಿದ್ದಾನೆಂದು ಲ್ಯಾಬಿನ ಮುಖ್ಯಸ್ಥರಾದ ಭಾವ ದೂರು ಕೊಟ್ಟಿದ್ದರು. ಎಫ್‌ಐಆರ್ ದಾಖಲಾಯಿತು. ಗೋದಲಿಯ ಮೇವು, ಬಕೆಟ್ಟು, ರಕ್ತ ತೆಗೆದ ಮೇಲೆ ಕುದುರೆಗಳಿಗೆ ಏರಿಸಿ ಮೂಲೆಗಿಟ್ಟ ಖಾಲಿ ಸಲೈನ್ ಬಾಟಲಿಗಳು ಪಂಚನಾಮೆಗೆ ಸೇರಿದವು. ಲಾಕಪ್ಪಿನಲ್ಲಿ ಕೂತ ಲಾಯದವನು, ಉಳಿದ ಕುದುರೆಗಳಿಗೆ ನೀರು ಯಾರು ಇಡುತ್ತಾರೆಂದು ಬಂದವರನ್ನೆಲ್ಲ ಕೇಳುತ್ತಿದ್ದ.

ಪಶುವೈದ್ಯೆಯ ವರದಿ ಬಂತು. ಹೊಟ್ಟೆಯಲ್ಲಿ ವಿಷವಿಲ್ಲ. ಬಾಟಲಿಯ ತಳದಲ್ಲಿ ಸತ್ತ ಬ್ಯಾಕ್ಟೀರಿಯಾ ರಾಶಿ, ಜೀವಂತ ಒಂದೂ ಇಲ್ಲ. ಕೆಟ್ಟ ಸಲೈನನ್ನು ಯಾರೋ ಮತ್ತೆ ಕುದಿಸಿದ್ದಾರೆ.

"ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ, ಅದರ ಮೈಗೋಡೆಯ ವಿಷ ಸಾಯಲ್ಲ," ಎಂದರು ಆಕೆ. "ಅದು ರಕ್ತಕ್ಕೆ ಸೇರಿದ್ರೆ ಮೈಯ ಕಾವಲೇ ಹುಚ್ಚೆದ್ದುಬಿಡುತ್ತೆ. ಕಳ್ಳ ಸತ್ತು ಬಿದ್ದಿದ್ದಾನೆ, ಅವನನ್ನ ಓಡಿಸೋಕೆ ಮನೆಯವರೇ ಮನೆಗೆ ಬೆಂಕಿ ಇಟ್ಟ ಹಾಗೆ."

"ಅಂದ್ರೆ ಕುದುರೆ ಮೈಯೇ ಕುದುರೇನ ಕೊಂದಿದ್ದು. ಇದನ್ನ ಹೆಂಗಮ್ಮ ಅರೆಸ್ಟ್ ಮಾಡ್ಲಿ?" ಎಂದರು ಇನ್ಸ್‌ಪೆಕ್ಟರ್ ಸಾಹೇಬರು.

ಬಾಟಲಿಗಳನ್ನು ಕುದಿಸಿದ್ದು ಯಾರೆಂಬ ಪ್ರಶ್ನೆಗೆ ಭಾವ ಅದನ್ನೂ ಲಾಯದವನ ತಲೆಗೇ ಕಟ್ಟಿದರು. ಆಮೇಲೆ ಒಮ್ಮೆ ನಾದಿನಿಯ ಕಡೆ ನೋಡಿದರು. ಆ ನೋಟದಲ್ಲಿ ಅಕ್ಕ, ಅಕ್ಕನ ಮಕ್ಕಳು, ಅವಳು ಮಲಗುವ ಕೋಣೆ ಎಲ್ಲ ಇದ್ದವು. ಹಿಂದಿನ ವಾರ ಊಟಕ್ಕೆ ಕೂತಾಗ ಇವರೇ ಹೇಳಿದ್ದರು: "ಸಲೈನ್ ಮಬ್ಬಾಗಿತ್ತು, ನಾನೇ ಇನ್ನೊಂದ್ಸಲ ಕುದಿಸಿಟ್ಟೆ. ಹುಳ ಸತ್ತ ಮೇಲೆ ಇನ್ನೇನಂತೆ?" ಆಗ ನೀರು ಬಡಿಸುತ್ತಿದ್ದವಳು ಅವಳೇ.

ಅವಳು ಸಾಹೇಬರ ಮುಂದೆ ಹೋಗಿ ನಿಂತಳು. ಊಟದ ಹೊತ್ತಿನ ಆ ಮಾತನ್ನೇ ಹೇಳಿಕೆಯಾಗಿ ಬರೆದು ಮೇಜಿನ ಮೇಲಿಟ್ಟಳು. ಅವರು ಓದಿ, ಟೋಪಿ ತೆಗೆದುಕೊಂಡು ಎದ್ದರು.

ಸಂಜೆಯೊಳಗೆ ಭಾವನ ಬಂಧನವಾಯಿತು. ಹಿಂದೆ ಒಮ್ಮೆ ಸಲೈನ್ ಕೆಟ್ಟಾಗ ಮೇಲಿನವರು ಎಲ್ಲರೆದುರು ಮಾನ ಕಳೆದಿದ್ದರಂತೆ. ಮತ್ತೆ ಹಾಗೆ ನಿಲ್ಲಲು ಧೈರ್ಯ ಬರಲಿಲ್ಲ ಎಂದರು ಭಾವ. ಲಾಕಪ್ಪಿನ ಬಾಗಿಲು ತೆರೆದದ್ದೇ ಲಾಯದವನು ಚಪ್ಪಲಿ ಮರೆತು ಕುದುರೆಗಳ ಕಡೆ ಓಡಿದ.

ಅಷ್ಟರಲ್ಲಿ ಅಕ್ಕ ಠಾಣೆಗೆ ಬಂದಳು. ಗಂಡನಿಗೆಂದು ತಂದ ಊಟದ ಡಬ್ಬಿ ಕೈಯಲ್ಲೇ ಇತ್ತು.

"ಯಾರೇ ಇವರ ಮೇಲೆ ಹೇಳಿದ್ದು? ಆ ಲಾಯದವನಾ?"

ಹೂಂ ಎಂದಿದ್ದರೆ ಸಾಕಿತ್ತು, ಅಕ್ಕನ ಮನೆಯ ಆ ಕೋಣೆ ಉಳಿಯುತ್ತಿತ್ತು.

"ಅಲ್ಲ ಅಕ್ಕ," ಎಂದಳು. "ನಾನೇ ಹೇಳಿದ್ದು."