ದುಬೈಯಲ್ಲಿ ಅವಳ ಹುಡುಗ ಉಂಟಂತೆ

ಅವಳ ಟ್ರಾಲಿ ಹೋಗಿ ಢಿಕ್ಕಿ ಹೊಡೆದದ್ದು ಅವನ ಹಿಮ್ಮಡಿಗೇ!

"ಅಮ್ಮಾ!" ಎಂದು ಅವನು ತಿರುಗಿದ. ಆ ಮುಖ ಕಂಡದ್ದೇ ತಡ, ಅಕ್ಷಿತಾ 'ಸಾರಿ' ಹೇಳುವುದನ್ನೇ ಮರೆತಳು.

ರೂಪೇಶ್...!

ಯಾರ ಮುಖ ನೋಡಿ ಮಾತಾಡಬೇಕೆಂದು ಅವಳು ದುಬೈಗೆ ಹೊರಟಿದ್ದಳೋ, ಆ ಮಹಾಶಯ ಮಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಸಾಲಿನಲ್ಲಿ ಅವಳ ಮುಂದೆಯೇ ನಿಂತಿದ್ದ!

ಪಾಪ, ಬೆಳಗ್ಗಿನಿಂದ ಅವಳಿಗೆ ಒಂದೂ ನೆಟ್ಟಗಾಗಿರಲಿಲ್ಲ. ಬಿಜೈಯ ಮನೆಯಿಂದ ಹೊರಟ ಕಾರು ಕಾವೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿತ್ತು. ಗೇಟಿನ ಪೊಲೀಸಪ್ಪ ಪಾಸ್‌ಪೋರ್ಟ್ ಫೋಟೋವನ್ನೂ ಅವಳ ಮುಖವನ್ನೂ ನೋಡಿ ನೋಡಿ "ಇದು ನೀವೇನಾ?" ಎಂದ. ಸಿಕ್ಕಿದ ಟ್ರಾಲಿಯ ಒಂದು ಚಕ್ರ ಹಟ ಹಿಡಿದು ಎಡಕ್ಕೇ ಎಳೆಯುತ್ತಿತ್ತು. ಇಷ್ಟು ದೊಡ್ಡ ಸಾಲಿಗೆ ತೆರೆದಿದ್ದದ್ದು ಎರಡೇ ಕೌಂಟರ್. ಅದರಲ್ಲೊಂದರ ಎದುರು ಯಾರೋ ತೂಕ ಹೆಚ್ಚಾಯಿತೆಂದು ಪೆಟ್ಟಿಗೆ ಬಿಚ್ಚಿ, ನೆಲದ ಮೇಲೆ ಕೋರಿರೊಟ್ಟಿಯ ಕಟ್ಟು, ಉಪ್ಪಿನಕಾಯಿ ಬಾಟಲಿಗಳನ್ನು ಹರಡಿಕೊಂಡು ಕೂತಿದ್ದರು.

ಎಲ್ಲವನ್ನೂ ಸಹಿಸಿದ್ದಳು. ಆದರೆ ಇದು?

"ನೀನು... ಊರಿಗೆ ಯಾವಾಗ ಬಂದದ್ದು?"

"ಮೊನ್ನೆ," ಎಂದ ರೂಪೇಶ್, ನೆಲ ನೋಡುತ್ತಾ.

ಮೊನ್ನೆ ಬಂದವನಿಗೆ ಬಿಜೈಗೆ ಬರಲು ದಾರಿ ಗೊತ್ತಿರಲಿಲ್ಲವೇ?

ಎಂಟು ತಿಂಗಳ ಹಿಂದೆ ಫೋನಿನಲ್ಲಿ ಜಗಳವಾಗಿತ್ತು. "ಮದುವೆಯಾದರೆ ನೀನು ಇಲ್ಲಿಗೆ ಬರ್ಲೇಬೇಕು," ಎಂದಿದ್ದ ಅವನು. "ಅಮ್ಮನನ್ನೂ ಕೆಲಸವನ್ನೂ ಬಿಟ್ಟು ಗಲ್ಫಿಗೆ ಬರುದಿಲ್ಲ," ಎಂದಿದ್ದಳು ಇವಳು. "ಹಾಗಾದ್ರೆ ಬೇಡ ಬಿಡು!" ಎಂದುಬಿಟ್ಟ ಅವನು. ಇವಳು ಆ ಕ್ಷಣವೇ ನಂಬರ್ ಬ್ಲಾಕ್ ಮಾಡಿದಳು. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ, ಏನು ಮಾಡುವುದು ಹೇಳಿ!

ಕೊನೆಗೆ ಅಮ್ಮ ಸ್ವರ್ಣಲತಾ ಅವರೇ ಬೈದಿದ್ದರು. "ನನ್ನ ನೆಪ ಹೇಳಿ ಅಳ್ತಾ ಕೂರ್ಬೇಡ. ನನಗೆ ಕೈಕಾಲು ಗಟ್ಟಿ ಉಂಟು. ಶಾರ್ಜಾದಲ್ಲಿ ಮಾಮಿ ಇದ್ದಾಳೆ. ಹೋಗು, ಅವನ ಮುಖ ನೋಡಿ ಮಾತಾಡಿ ಬಾ."

ಹಾಗೆ ಹೊರಟವಳು ಅಕ್ಷಿತಾ. 'ನೀನಿಲ್ಲದೆ ಆಗುವುದಿಲ್ಲ' ಎಂದು ಹೇಳಲು ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಈಗ ಬಾಯಿ ತೆರೆಯಬೇಕು...

"ಇಲ್ಲಿ ನಾನು ಎಂತ ಮಾಡ್ಬೇಕು?" ಅವನ ಪಕ್ಕದಿಂದ ಒಂದು ಹೆಣ್ಣುದನಿ ಕೇಳಿತು.

ಅಕ್ಷಿತಾ ಬಗ್ಗಿ ನೋಡಿದಳು.

ಮೊಣಕೈವರೆಗೆ ಮದರಂಗಿ. ಕುತ್ತಿಗೆಯಲ್ಲಿ ಹೊಚ್ಚಹೊಸ ಕರಿಮಣಿ. ಮುಡಿತುಂಬ ಮಲ್ಲಿಗೆ. ಅವಳ ಪಾಸ್‌ಪೋರ್ಟ್ ರೂಪೇಶನ ಕೈಯಲ್ಲಿ! ಅವಳ ಪಿಂಕ್ ಹ್ಯಾಂಡ್‌ಬ್ಯಾಗ್ ರೂಪೇಶನ ಹೆಗಲಲ್ಲಿ!

ಮದುವೆ... ಆಗಿಬಿಟ್ಟನಾ?

ಒಮ್ಮೆ ನನ್ನ ಕೊಡೆ ಹಿಡಿ ಎಂದರೆ 'ಜನ ನೋಡ್ತಾರೆ ಮಾರಾಯ್ತಿ' ಎಂದವನು! ಇವಳಿಗಾದರೆ ಪಿಂಕ್ ಬ್ಯಾಗನ್ನೇ ಹೊರುತ್ತಾನಾ? ಅಕ್ಷಿತಾಳ ಹೊಟ್ಟೆಯೊಳಗೆ ಗಾಂಧಾರಿ ಮೆಣಸು ಅರೆದಂತಾಯಿತು. ಹುಡುಗಿ ಚಂದವೂ ಇದ್ದಳು. ಅದೇ ಎಲ್ಲಕ್ಕಿಂತ ಉರಿ.

"ಕಂಗ್ರಾಜುಲೇಶನ್ಸ್," ಎಂದಳು ಹಲ್ಲು ಕಚ್ಚಿ.

ರೂಪೇಶ್ ಅವಳನ್ನು ದಿಟ್ಟಿಸಿದ. ಅವನ ಕಣ್ಣು ಕೆಂಪಾಯಿತು. "ನಿನಗೂ," ಎಂದು ತಿರುಗಿ ನಿಂತ.

ನನಗೂ ಅಂದರೆ? ಪೀಡೆ ತೊಲಗಿತು ಅಂತಲಾ? ಎಷ್ಟು ಕೊಬ್ಬು ಇವನಿಗೆ!

ಮುಂದಿನದ್ದನ್ನು ಅವಳು ನೋಡಲೇಬಾರದಿತ್ತು. ಆದರೆ ಹೊಟ್ಟೆಕಿಚ್ಚಿಗೆ ಕಣ್ಣು ಮುಚ್ಚಲು ಬರುತ್ತದೆಯೇ? ಆ ಹುಡುಗಿಯ ಪೆಟ್ಟಿಗೆಯ ತೂಕ ಹೆಚ್ಚಾಯಿತು. ರೂಪೇಶ್ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವಳ ಹಪ್ಪಳ, ಸಾರಿನ ಹುಡಿ ಎಲ್ಲ ತೆಗೆದು ತನ್ನ ಪೆಟ್ಟಿಗೆಗೆ ತುಂಬಿಕೊಂಡ. ಅವಳು ನಕ್ಕಳು. ಅವನೂ ಸ್ವಲ್ಪ ನಕ್ಕ. ಆ ನಗು ತನ್ನದಾಗಿತ್ತು...

ಅಕ್ಷಿತಾಳ ಸರದಿ ಬಂತು. ಬ್ಯಾಗ್ ಬೆಲ್ಟಿನ ಮೇಲೆ ಹೋಯಿತು, ಬೋರ್ಡಿಂಗ್ ಪಾಸ್ ಕೈಗೆ ಬಂತು. ಆಗ ಅವಳಿಗೆ ಹೊಳೆಯಿತು. ಇನ್ನು ಹೋಗಿ ಮಾಡುವುದೇನು? ಅವರಿಬ್ಬರ ಹಿಂದಿನ ಸೀಟಿನಲ್ಲಿ ಕೂತು ಅಳುವುದೇ?

"ನಾನು ಹೋಗುದಿಲ್ಲ. ನನ್ನ ಬ್ಯಾಗ್ ವಾಪಸ್ ಕೊಡಿ."

ಕೌಂಟರಿನ ಬರ್ನಡೆಟ್ ತಲೆ ಎತ್ತಿದಳು. "ಎಂತ ಹೇಳ್ತೀರಿ ಮೇಡಂ? ಈಗಷ್ಟೇ ಒಳಗೆ ಹೋಯ್ತಲ್ಲ!"

"ತೆಗೆಸಿ."

"ತೆಗೆಸ್ಲಿಕ್ಕೆ ಅದು ಮೀನಿನ ಬುಟ್ಟಿಯಾ? ಸರ್‌ಗೆ ಹೇಳ್ತೇನೆ. ಅಲ್ಲಿ ಕೂತ್ಕೊಳ್ಳಿ, ಟೈಮ್ ಆಗ್ತದೆ."

ಬರುವುದೂ ಕಷ್ಟ, ಹೋಗುವುದೂ ಕಷ್ಟ! ಕೂರಲು ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಅಷ್ಟರಲ್ಲಿ ದುಬೈ ವಿಮಾನ ತಡವಾಗುತ್ತದೆ ಎಂಬ ಘೋಷಣೆ ಬಂತು. ಕಂಬಕ್ಕೆ ಒರಗಿ ನಿಂತವಳ ಕಣ್ಣಿಂದ ನೀರು ತಾನಾಗಿ ಇಳಿಯಿತು.

"ಅಕ್ಕಾ..."

ಅದೇ ಹುಡುಗಿ!

"ಅಕ್ಕ, ಸ್ವಲ್ಪ ಬಾತ್‌ರೂಮಿಗೆ ನನ್ನ ಜೊತೆ ಬರ್ತೀರಾ? ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ. ಫಸ್ಟ್ ಟೈಮ್ ನಾನು."

'ಅವನನ್ನೇ ಕರ್ಕೊಂಡು ಹೋಗು' ಎಂಬುದು ಬಾಯಿತುದಿಗೆ ಬಂತು. ಆದರೆ ಆ ಮುಖದಲ್ಲಿ ಎಂಥ ಗಾಬರಿ! ಅಕ್ಷಿತಾ ಮೂಗೊರೆಸಿಕೊಂಡು ಹೋದಳು. ಕೈ ತೊಳೆಯುವಾಗ ಮಾತ್ರ ತಡೆಯಲಾಗಲಿಲ್ಲ.

"ಮದುವೆ ಯಾವಾಗ ಆಯ್ತು?"

"ಹೋದ ತಿಂಗಳು, ಬೈಕಂಪಾಡಿಯಲ್ಲಿ. ನನ್ನ ಹೆಸರು ತೃಷಾ."

"ಅವರು... ನಿಮ್ಮನ್ನು ಚೆನ್ನಾಗಿ ನೋಡಿಕೊಳ್ತಾರಾ?"

"ಚಿನ್ನದಂಥ ಮನುಷ್ಯ ಅಕ್ಕ! ವಿಮಾನ ಲೇಟ್ ಅಂದ್ರೂ ಕೇಳದೆ ಈಗಲೇ ದುಬೈ ಏರ್‌ಪೋರ್ಟಿಗೆ ಬಂದು ಕೂತಿದ್ದಾರಂತೆ!"

ಅಕ್ಷಿತಾಳ ಕೈ ನೀರಿನ ಕೆಳಗೇ ನಿಂತಿತು.

"ದುಬೈಯಲ್ಲಿಯಾ? ಮತ್ತೆ ಇಲ್ಲಿ ನಿಮ್ಮ ಬ್ಯಾಗ್ ಹಿಡ್ಕೊಂಡು ನಿಂತವರು?"

"ಅಯ್ಯೋ, ಅವರಾ!" ತೃಷಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅವರನ್ನು ನಮ್ಮ ಅಪ್ಪ ಗೇಟಿನಲ್ಲಿ ಹಿಡಿದದ್ದು! ಅದೇ ಫ್ಲೈಟ್ ಅಂತ ಗೊತ್ತಾದದ್ದೇ, 'ಮಗಳನ್ನು ಸ್ವಲ್ಪ ಅಲ್ಲಿವರೆಗೆ ನೋಡ್ಕೊಳ್ಳಿ ಮಾರಾಯ್ರೆ' ಅಂತ ಒಪ್ಪಿಸಿಬಿಟ್ರು. ಪಾಪದ ಅಣ್ಣ. ಆದ್ರೆ ಎಂತದೋ ಬೇಸರ ಉಂಟು ಅವರಿಗೆ."

ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮೊದಲ ಸಲ ವಿಮಾನ ಹತ್ತುವವರನ್ನು ಗೇಟಿನಲ್ಲಿ ಸಿಕ್ಕಿದ ಊರವರ ಕೈಗೆ ಒಪ್ಪಿಸುವುದು ಇಲ್ಲಿ ಇದ್ದದ್ದೇ. ಬೆಳಿಗ್ಗೆ ಅಕ್ಷಿತಾಳ ಅಮ್ಮನೂ ಅಂಥ ಒಬ್ಬರನ್ನು ಹುಡುಕುತ್ತಿದ್ದರು. ನಾಚಿಕೆಯಾಗಿ ಇವಳೇ ಒಳಗೆ ಓಡಿಬಂದಿದ್ದಳು! ಗೊತ್ತಿದ್ದೂ ಗೊತ್ತಿದ್ದೂ ಹೇಗೆ ಮೋಸಹೋದೆ ಎಂದು ತಲೆ ಚಚ್ಚಿಕೊಳ್ಳಬೇಕೆನಿಸಿತು.

ಅವಳು ಹೊರಗೆ ಓಡಿದಳು. ರೂಪೇಶ್ ಇಮಿಗ್ರೇಶನ್ ಬಾಗಿಲ ಬಳಿ ಪಿಂಕ್ ಬ್ಯಾಗ್ ಹೊತ್ತು ನಿಂತಿದ್ದ.

"ಅವಳು ನಿನ್ನ ಹೆಂಡತಿ ಅಂತ ಮಾಡಿದ್ದೆ!"

"ಯಾರು? ತೃಷಾನಾ? ತಲೆ ಸರಿ ಉಂಟಾ ನಿನಗೆ?"

"ಮತ್ತೆ ನಾನು ಕಂಗ್ರಾಜುಲೇಶನ್ಸ್ ಹೇಳಿದಾಗ 'ನಿನಗೂ' ಅಂದದ್ದು ಎಂತಕ್ಕೆ?"

"ಮತ್ತೆಂತ ಹೇಳ್ಬೇಕಿತ್ತು? ನೀನು ಈ ಬ್ಯಾಗ್ ನೋಡಿ ನನ್ನನ್ನು ಅಣಕಿಸಿದ್ದು ಅಂತ ಗ್ರಹಿಸಿದೆ." ಅವನ ದನಿ ಒಡೆಯಿತು. "ಹೋಗು ಅಕ್ಷೀ, ನಿನ್ನ ಹುಡುಗ ಕಾಯ್ತಿರ್ತಾನೆ."

"ಯಾವ ಹುಡುಗ?"

"ನಾಟಕ ಬೇಡ. ನಿನ್ನೆ ಬಲ್ಮಠಕ್ಕೆ, ನಿನ್ನ ಕ್ಲಿನಿಕ್ಕಿಗೆ ಬಂದಿದ್ದೆ. ಫ್ಲಾವಿಯಾ ಅಂತ ಒಬ್ಬರು ಹೇಳಿದ್ರು. 'ಅಕ್ಷಿತಾ ರಜೆಯಲ್ಲಿದ್ದಾಳೆ, ದುಬೈಗೆ ಹೋಗ್ತಾಳೆ, ಅಲ್ಲಿ ಅವಳ ಹುಡುಗ ಉಂಟಂತೆ' ಅಂತ. ಮತ್ತೆ ನಿಮ್ಮ ಮನೆಗೆ ಬರ್ಲಿಕ್ಕೆ ಕಾಲು ಬರ್ಲಿಲ್ಲ." ಅವನು ಉಸಿರೆಳೆದುಕೊಂಡ. "ಯಾರವನು? ಎಲ್ಲಿ ಕೆಲಸ? ನನಗಿಂತ ಚಂದ ಇದ್ದಾನಾ? ನಿನ್ನೆಯಿಂದ ಅವನ ಮೇಲಿನ ಹೊಟ್ಟೆಕಿಚ್ಚಿನಲ್ಲಿ ಒಂದು ತುತ್ತು ಇಳಿಯುದಿಲ್ಲ ನನಗೆ!"

ಅಕ್ಷಿತಾ ನಕ್ಕಳು. ನಗುತ್ತಾ ನಗುತ್ತಾ ಅತ್ತಳು.

"ಚಂದ ಅಂತೇನಿಲ್ಲ. ಮಹಾ ಹಟಮಾರಿ. ಈಗ ಯಾರದೋ ಪಿಂಕ್ ಬ್ಯಾಗ್ ಹಾಕ್ಕೊಂಡು ನನ್ನ ಮುಂದೆ ಕಣ್ಣುಕಣ್ಣು ಬಿಡ್ತಾ ಇದ್ದಾನೆ."

ಅವನು ಹೆಗಲ ಬ್ಯಾಗನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ.

"ನಾನಾ...?"

"ಮತ್ಯಾರು? ನಿನ್ನ ಹತ್ತಿರವೇ ಹೊರಟದ್ದು ನಾನು. ನೀನಿಲ್ಲದೆ ಆಗುದಿಲ್ಲ ರೂಪೇಶ್. ಎಲ್ಲಿಗೆ ಬೇಕಾದ್ರೂ ಬರ್ತೇನೆ."

"ಅಯ್ಯೋ ದೇವರೇ!" ರೂಪೇಶ್ ಹಣೆ ಚಚ್ಚಿಕೊಂಡ. "ನೀನು ಬರುದು ಬೇಡ, ನಾನೇ ಊರಿಗೆ ವಾಪಸ್ ಬರ್ತೇನೆ ಅಂತ ಹೇಳ್ಲಿಕ್ಕೆ ಅಲ್ವಾ ನಾನು ಬಂದದ್ದು!"

"ಮೇಡಂ!" ಕೌಂಟರಿನಿಂದ ಬರ್ನಡೆಟ್ ಕೂಗಿದಳು. "ನಿಮ್ಮ ಬ್ಯಾಗ್ ತೆಗೆಸ್ತಾ ಇದ್ದಾರೆ!"

"ಬೇಡ! ಬೇಡ! ನಾನು ಹೋಗ್ತೇನೆ!" ಅಕ್ಷಿತಾ ಅಲ್ಲಿಂದಲೇ ಕಿರುಚಿದಳು.

ಬರ್ನಡೆಟ್ ಎರಡೂ ಕೈ ಎತ್ತಿ ದೇವರಿಗೆ ದೂರು ಕೊಟ್ಟು, ಮತ್ತೆ ಫೋನ್ ಎತ್ತಿಕೊಂಡಳು.

ರೂಪೇಶ್ ಅವಳ ಕೈ ಹಿಡಿದ. ಜನ ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟ.

"ಈಗ ಎಂತ ಮಾಡುದು? ಅಲ್ಲಿ ಇರುದಾ, ಇಲ್ಲಿ ಇರುದಾ?"

"ಮೊದಲು ವಿಮಾನ ಹತ್ತುವ. ಉಳಿದ ಜಗಳ ಮೇಲೆ ಹೋಗಿ ಮಾಡುವ." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ಒಂದು ಮಾತು. ಇನ್ನು ಗೇಟಿನಲ್ಲಿ ಯಾರಾದ್ರೂ ಮಗಳನ್ನು ನೋಡ್ಕೊಳ್ಳಿ ಅಂತ ಬಂದ್ರೆ..."

"ಬಂದ್ರೆ?"

"ನನ್ನ ಹೆಂಡತಿ ಇದ್ದಾಳೆ, ಅವಳ ಹತ್ತಿರ ಕೇಳಿ ಅಂತ ಹೇಳು."

ರೂಪೇಶನ ಬೆರಳು ಬಿಗಿಯಾಯಿತು.

"ಇನ್ನೊಮ್ಮೆ ಹೇಳು. ಯಾರಿದ್ದಾಳೆ?"

ಅವಳು ತಲೆ ತಗ್ಗಿಸಿದಳು. ಕಿವಿಯವರೆಗೆ ಕೆಂಪಾಗಿದ್ದಳು.

"ಹೆಂಡತಿ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.