ಡಾಕ್ಟರಿಗೆ ಅಜ್ಜಿಯ ಪ್ರಶ್ನೆಗಳು

"ಸರ್, ಸಸ್ಪೀಷಿಯಸ್ ಅಂದ್ರ ಏನ್ರಿ?"

ಬೋರ್ಡ್ ಒರೆಸುತ್ತಿದ್ದ ಸೋಮಶೇಖರ್ ಸರ್ ಹಿಂತಿರುಗಿ ಶಾಂಭವಿಯನ್ನು ನೋಡಿದರು. ಐದನೇ ಕ್ಲಾಸಿನ ಯಾವ ಪಾಠದಲ್ಲೂ ಆ ಪದ ಇರಲಿಲ್ಲ.

"ಅನುಮಾನ ಬರೋ ಹಂಗ ಇರೋದು. ಈಗ ನಮ್ಮ ಮೈಲಾರೇಶನ್ನ ನೋಡು. ಹೋಮ್‌ವರ್ಕ್ ಮಾಡಿದ್ದೆ, ಆಡು ತಿಂತು ಅಂತಾನ. ಅವರ ಮನ್ಯಾಗ ಆಡೇ ಇಲ್ಲ. ಇದು ಸಸ್ಪೀಷಿಯಸ್."

ಕ್ಲಾಸೆಲ್ಲ ನಕ್ಕಿತು. ಮೈಲಾರೇಶನೂ ನಕ್ಕ. ಶಾಂಭವಿ ಮಾತ್ರ ನಗಲಿಲ್ಲ. ಆ ಪದವನ್ನು ಅವಳು ಓದಿದ್ದು ಅಜ್ಜಿಯ ಸ್ಕ್ಯಾನ್ ರಿಪೋರ್ಟಿನಲ್ಲಿ.

ಅಜ್ಜಿ ಪಂಪಮ್ಮನ ಕುತ್ತಿಗೆಯಲ್ಲಿ ಗೋಲಿ ಗಾತ್ರದ ಒಂದು ಗಂಟಾಗಿತ್ತು. ಹೋದ ವಾರ ಅಪ್ಪ ದಾವಣಗೆರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ್ದ. ಬರುವ ಸೋಮವಾರ ದೊಡ್ಡ ಡಾಕ್ಟರನ್ನು ನೋಡಬೇಕಿತ್ತು. ಅಲ್ಲಿಯವರೆಗೆ ರಿಪೋರ್ಟನ್ನು ಅಮ್ಮನ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದರು. ರಿಬ್ಬನ್ ಹುಡುಕುವಾಗ ಅದು ಶಾಂಭವಿಯ ಕೈಗೆ ಸಿಕ್ಕಿತ್ತು.

ಅಪ್ಪ ಫೋನಿನಲ್ಲಿ ಕಾಕಾನಿಗೆ ಮೆಲ್ಲಗೆ ಹೇಳಿದ್ದೂ ಅವಳಿಗೆ ಕೇಳಿಸಿತ್ತು. "ಕ್ಯಾನ್ಸರ್ ಇರಬಹುದು ಅಂತ ಅನುಮಾನ ಐತಂತ. ಇನ್ನೂ ಗ್ಯಾರಂಟಿ ಇಲ್ಲ. ಅವ್ವಗ ಗೊತ್ತಾಗೋದು ಬ್ಯಾಡ."

ಆ ರಿಪೋರ್ಟು ಬಂದಾಗಿನಿಂದ ಮನೆಯವರೆಲ್ಲ ವಿಚಿತ್ರವಾಗಿ ಒಳ್ಳೆಯವರಾಗಿಬಿಟ್ಟಿದ್ದರು. ಅಪ್ಪ ದಿನಾ ಆಪಲ್ ತರುತ್ತಿದ್ದ. ಅಮ್ಮ ಸಾರಿಗೆ ಖಾರ ಕಡಿಮೆ ಮಾಡಿದ್ದಳು. ಅಜ್ಜಿ ರೊಟ್ಟಿ ತಟ್ಟಲು ಕೂತರೆ, "ನೀವು ಆರಾಮ ಕುಂದರ್ರಿ ಅತ್ತಿ," ಎಂದು ಹಿಟ್ಟನ್ನೇ ಎತ್ತಿಕೊಂಡು ಹೋಗುತ್ತಿದ್ದಳು.

ಪಂಪಮ್ಮ ಆರಾಮಾಗಿ ಕೂರುವ ಹೆಂಗಸಲ್ಲ. ಅವಳು ಅಂಗಳದಲ್ಲಿ ನಿಂತು ಕೂಗಿದರೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ಬ್ರೇಕ್ ಹಾಕುತ್ತಾನೆ ಎಂದು ಓಣಿಯವರು ಹೇಳುತ್ತಿದ್ದರು.

ಆ ಸಂಜೆ ಸ್ಕೂಲಿನಿಂದ ಬಂದ ಮೇಲೆ ಅಜ್ಜಿ, ಮೊಮ್ಮಗಳು ಎಂದಿನಂತೆ ಕಟ್ಟೆಯ ಮೇಲೆ ಚೌಕಾಬಾರ ಆಡಲು ಕೂತರು. ಶಾಂಭವಿ ಕವಡೆ ಎಸೆದಳು. ನಾಲ್ಕು ಬಿತ್ತು. ಸರಿಯಾಗಿ ನಾಲ್ಕು ಮನೆ ಮುಂದೆ ಅಜ್ಜಿಯ ಕಾಯಿ ಇತ್ತು. ಕಡಿಯಬಹುದಿತ್ತು. ಆದರೆ ಅವಳು ಬೇರೆ ಕಾಯಿ ನಡೆಸಿದಳು.

ಅಜ್ಜಿ ಕಣ್ಣು ಸಣ್ಣ ಮಾಡಿದಳು. "ಯಾಕ ಕಡೀಲಿಲ್ಲ?"

"ಕಾಣಲಿಲ್ಲ ಅಜ್ಜಿ."

"ನಿನಗ ಕಾಣಲಿಲ್ಲ? ನಾನು ಒಂದು ಮನಿ ಜಾಸ್ತಿ ನಡಿಸಿದ್ರ ಓಣಿ ತುಂಬ ಡಂಗುರ ಸಾರಾಕಿ ನೀನು. ನಿಮ್ಮಪ್ಪ ಆಪಲ್ ತಿನ್ನಸ್ತಾನ. ನಿಮ್ಮಮ್ಮ ಖಾರ ತಪ್ಪಿಸ್ಯಾಳ. ಈಗ ನೀನು ಬೇಕಂತ ಸೋಲಾಕತ್ತಿ. ಖರೇ ಹೇಳು, ರಿಪೋರ್ಟ್ ಓದೀ ಏನು?"

ಶಾಂಭವಿ ಕವಡೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೂ ಕಣ್ಣೀರು ಬಂದೇಬಿಟ್ಟಿತು. "ಓದೀನಿ. ನಿನಗ ಹೇಳಬಾರದಂತ."

"ನನಗ ನಿಮಗಿಂತ ಮೊದಲೇ ಗೊತ್ತಾತು," ಎಂದಳು ಅಜ್ಜಿ. "ಸ್ಕ್ಯಾನ್ ಮಾಡೋ ಹುಡುಗಿ ಮೊದಲು ಮಾತಾಡಿದ್ದೇ ಮಾತಾಡಿದ್ದು. ಯಾವೂರು ಅಜ್ಜಿ, ಎಷ್ಟು ಮಂದಿ ಮಕ್ಕಳು ಅಂತ. ಆಮ್ಯಾಲೆ ಮಷೀನಿನ ಟಿವಿ ನೋಡ್ಕೋತ ನೋಡ್ಕೋತ ಗಪ್ಪಾದ್ಲು. ಅಷ್ಟ ಸಾಕಾತು ನನಗ."

"ಮತ್ತ ಯಾಕ ಸುಮ್ಮನಿದ್ದಿ?"

"ನಿಮ್ಮಪ್ಪ ಅಂಜತಾನ ಅಂತ."

ಶಾಂಭವಿಗೆ ಅಳುವಿನ ನಡುವೆಯೇ ನಗು ಬಂತು. ಅಪ್ಪ ಅಜ್ಜಿಯಿಂದ ಮುಚ್ಚಿಟ್ಟಿದ್ದ, ಅಜ್ಜಿ ಅಪ್ಪನಿಂದ ಮುಚ್ಚಿಟ್ಟಿದ್ದಳು.

"ನಿನಗ ಅಂಜಿಕಿ ಇಲ್ಲೇನು ಅಜ್ಜಿ?"

"ಐತಿ. ಮುಂಜಾನಿ ಎದ್ದ ಕೂಡಲೇ ಭಾಳ ಆಗತೈತಿ. ಚಾ ಕುಡಿದ ಮ್ಯಾಲೆ ಸ್ವಲ್ಪ ಕಮ್ಮಿ." ಅಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದಳು. "ಹೋಗಿ ನೋಟ್‌ಬುಕ್ ತಗೊಂಬಾ. ದೊಡ್ಡ ಡಾಕ್ಟರ್ ಮುಂದ ಕುಂತ್ರ ಕೇಳಬೇಕಾದ್ದೆಲ್ಲ ಮರೀತೈತಿ. ಈಗ ಬರಕೊಂಡು ಇಡೋಣು."

ಶಾಂಭವಿ ಓಡಿಹೋಗಿ ನೋಟ್‌ಬುಕ್ ತಂದಳು. ಅಜ್ಜಿ ಹೇಳಿದಳು, ಅವಳು ಬರೆದಳು.

"ಒಂದು. ಎಲಿ ಅಡಿಕಿ ಹಾಕ್ಕೋಬಹುದಾ?"

"ಬ್ಯಾಡ ಅಂತಾರ ಅಜ್ಜಿ."

"ನೀನೇನು ಡಾಕ್ಟರಾ? ಸುಮ್ಮನ ಬರಿ. ಎರಡು. ಆಪಲ್ ತಿನ್ನಲೇಬೇಕಾ? ಮೂರು. ಆಪರೇಷನ್ ಮಾಡಿದ್ರ ದನಿ ಹೋಗತೈತಾ?"

ಶಾಂಭವಿ ಪೆನ್ ನಿಲ್ಲಿಸಿದಳು. "ದನಿ ಹೋಗತೈತಾ?"

"ಅದನ್ನ ಕೇಳೋಣು ಅಂತ ಬರಸಾಕತ್ತೀನಿ. ನನ್ನ ದನಿ ಹೋದ್ರ ಈ ಓಣಿ ಬೆಳಿಗ್ಗೆ ಏಳೋದ ಹೆಂಗ?" ಎಂದು ಅಜ್ಜಿ ನಕ್ಕಳು. ಆಮೇಲೆ ಕುತ್ತಿಗೆಯ ಗಂಟನ್ನು ಮೆಲ್ಲಗೆ ಮುಟ್ಟಿಕೊಂಡಳು. "ನಾಲ್ಕು. ಇದು ಕ್ಯಾನ್ಸರ್ ಹೌದೋ, ಅಲ್ಲೋ?"

ಶಾಂಭವಿಯ ಕೈ ಏಳಲಿಲ್ಲ.

"ಬರಿ ನನ್ನವ್ವ. ನೀನು ಬರೀದಿದ್ರ ಅದೇನು ಓಡಿ ಹೋಗೋದಿಲ್ಲ."

ಶಾಂಭವಿ ದುಂಡಗೆ ಬರೆದಳು. ಬರೆದಾದ ಮೇಲೆ ಅದೂ ಉಳಿದ ಮೂರರ ಹಾಗೆ ಒಂದು ಸಾಲಷ್ಟೇ ಆಗಿತ್ತು.

ಅಷ್ಟರಲ್ಲಿ ಬೈಕಿನ ಸದ್ದಾಯಿತು. ಅಪ್ಪ ಗುರುಬಸವರಾಜ ಆಪಲ್ ಚೀಲ ಹಿಡಿದುಕೊಂಡು ಬಂದ. ಬಗ್ಗಿ, "ಏನು ಹೋಮ್‌ವರ್ಕಾ?" ಎಂದು ನೋಟ್‌ಬುಕ್ ನೋಡಿದ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಅವನ ಮುಖ ಬದಲಾಯಿತು.

"ಅವ್ವಾ, ನಿನಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನೀನಂತೂ ಹೇಳಲೇ ಇಲ್ಲ. ಸುಳ್ಳು ಹೇಳೋವಾಗ ಸಣ್ಣವಿದ್ದಾಗಿಂದ ನಿನಗ ಕಿವಿ ಕೆಂಪಾಗತಾವ."

ಅಪ್ಪ ಕಿವಿ ಮುಟ್ಟಿ ನೋಡಿಕೊಂಡ. ಶಾಂಭವಿಯೂ ನೋಡಿದಳು. ನಿಜವಾಗಿಯೂ ಕೆಂಪಾಗಿದ್ದವು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತಲೇ ಕಣ್ಣೂ ಒರೆಸಿಕೊಂಡಳು.

"ಲತಾ, ನಿಂತಿದ್ದು ಸಾಕು," ಎಂದಳು ಅಜ್ಜಿ. "ಹಿಟ್ಟು ನಾದು. ಇವತ್ತು ರೊಟ್ಟಿ ನಾನೇ ತಟ್ಟಾಕಿ. ಸಾರಿಗೆ ಖಾರಾನೂ ಹಾಕು."

"ಆತ್ರಿ ಅತ್ತಿ," ಎಂದು ಅಮ್ಮ ಒಳಗೆ ಹೋದಳು.

ಅಪ್ಪ ಕಟ್ಟೆಯ ತುದಿಯಲ್ಲಿ ಕೂತು ನೋಟ್‌ಬುಕ್ಕಿನ ಕಡೆಗೇ ನೋಡುತ್ತಿದ್ದ. ಆಮೇಲೆ ಶಾಂಭವಿಯ ಕೈಯಿಂದ ಪೆನ್ ತೆಗೆದುಕೊಂಡ. ಪರೀಕ್ಷೆಯಲ್ಲಿ ಮಕ್ಕಳು ಮಾಡುವ ಹಾಗೆ ಎಡಗೈ ಅಡ್ಡ ಇಟ್ಟು ಏನೋ ಬರೆದ. ಬರೆದು ಮುಗಿಸಿ ಬೀದಿಯ ಕಡೆ ಮುಖ ತಿರುಗಿಸಿ ಕೂತ.

ಶಾಂಭವಿ ಇಣುಕಿ ಓದಿದಳು.

"ಐದು. ಆಪರೇಷನ್ ಆದರೆ ರಾತ್ರಿ ನಾನು ನಮ್ಮವ್ವನ ಹತ್ತಿರ ಮಲಗಬಹುದಾ?"

ಅವಳು ಅದನ್ನು ಎರಡು ಸಲ ಓದಿದಳು. ಅಪ್ಪನ ಬೆನ್ನು ನೋಡಿದಳು. ಇಷ್ಟು ದಿನ ಅಪ್ಪ ತನಗೆ ಅಪ್ಪನಾಗಿ ಮಾತ್ರ ಕಂಡಿದ್ದ.

ಅವಳು ನೋಟ್‌ಬುಕ್ ಮುಚ್ಚಿ, ಅಜ್ಜಿಯ ಮಗ್ಗುಲಿನಿಂದ ಎದ್ದು ಆಚೆ ಸರಿದು, ಅಪ್ಪನ ಅಂಗಿಯ ತೋಳು ಹಿಡಿದು ಎಳೆದಳು. ಅವಳು ಬಿಟ್ಟ ಜಾಗದಲ್ಲಿ ಅಪ್ಪ ಬಂದು ಕೂತ.